ಹೊರಗೆ ಹೋಗಿ ಮತ್ತೆ ಬಾ

...ಏನೂ ಅನ್ಲಿಲ್ಲ ಕಣೇ ಅಂದ್ನಲ್ಲ! ಎಷ್ಟು ಸಲ ಹೇಳಲಿ? ನಿಮ್ಮಪ್ಪ ಕೊನೆಗೆ ಏನೂ ಅನ್ಲಿಲ್ಲ. ಅನ್ನೋದಕ್ಕೆ ಮನೆಯೊಳಗೆ ಬಂದಿದ್ರೆ ತಾನೇ? ಕೆಲಸ ಮುಗಿಸ್ಕೊಂಡು ಬರ್ತಾ ಇದ್ರು. ಮೆಟ್ಟಿಲು ಹತ್ತುತ್ತಾ ಸುಸ್ತಾಯ್ತು ಅಂತ ಕೂತ್ರು. ಕೂತವರು ಹಾಗೇ... ಅಷ್ಟೇ. ನಾನು ಒಳಗೆ ಅಡುಗೆಮನೇಲಿದ್ದೆ. ನನಗೇನು ಗೊತ್ತು?

ಮೊದ್ಲು ಆ ಬ್ಯಾಗ್ ಕೆಳಗಿಡು. ತವರಿಗೆ ಬಂದಿರೋ ಮಗಳೋ, ಕರೆಂಟ್ ಮೀಟರ್ ನೋಡೋಕೆ ಬಂದವಳೋ ನೀನು? ಹೆಗಲಿಂದ ಬ್ಯಾಗ್ ಇಳಿಸದೇ ಕುರ್ಚಿ ತುದೀಲಿ ಕೂತ್ಕೊಂಡಿದೀಯಲ್ಲ! ಬಂದವಳೇ ‘ಹೇಗಿದೀಯಮ್ಮ’ ಇಲ್ಲ, ‘ಊಟ ಮಾಡಿದ್ಯಾ’ ಇಲ್ಲ. ‘ಅಪ್ಪ ಕೊನೆಗೆ ಏನಂದ್ರು? ನಿಜ ಹೇಳಿದ್ರೆ ಇರ್ತೀನಿ, ಇಲ್ಲಾಂದ್ರೆ ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ.’ ಅಷ್ಟು ಹೇಳಿ ಬಾಯಿಗೆ ಬೀಗ ಹಾಕ್ಕೊಂಡ್ಬಿಟ್ಟೆ. ಯಾರು ಕಲಿಸಿದ್ರು ನಿನಗೆ ಹೆತ್ತ ತಾಯಿ ಹತ್ರ ಹೀಗೆ ಮಾತಾಡೋದನ್ನ?

ಸರಿ. ಮಾತಾಡ್ಬೇಡ. ನಾನೇ ಮಾತಾಡ್ತೀನಿ, ನನಗೇನು ಹೊಸದಾ? ಟೀ ಕುಡಿ. ಆರಿಹೋಗುತ್ತೆ.

ಕೆಳಗೆ ಯಾರಾದ್ರೂ ಸಿಕ್ಕಿದ್ರಾ? ಟ್ಯೂಷನ್ ಮೇಷ್ಟ್ರು ಸಿಕ್ಕಿದ್ರಾ? ...ಅಂದ್ಕೊಂಡೆ. ಆ ಮನುಷ್ಯನಿಗೆ ಬೇರೆ ಕೆಲಸವೇ ಇಲ್ಲ. ಮಕ್ಕಳಿಗೆ ಲೆಕ್ಕ ಹೇಳ್ಕೊಡೋದು ಬಿಟ್ಟು ಗೇಟ್ ಹತ್ರ ನಿಂತು ಹೋಗೋರಿಗೆ ಬರೋರಿಗೆ ಕಥೆ ಹೇಳ್ತಾರೆ. ಪಾಪ, ಅವರೇ ನಿಮ್ಮಪ್ಪನ್ನ ಮೊದ್ಲು ನೋಡಿದ್ದು, ಅದಕ್ಕೆ ಅದನ್ನೇ ಹೇಳಿ ಹೇಳಿ... ಏನಂದ್ರು? ಏನೋ ಅಂದಿರ್ಬೇಕು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಸಣ್ಣವಳಿದ್ದಾಗ್ಲೂ ಅಷ್ಟೇ, ಏನಾದ್ರೂ ಬಚ್ಚಿಟ್ಟುಕೊಂಡ್ರೆ ಕೆಳತುಟಿ ಒಳಗೆಳ್ಕೊಳ್ತಿದ್ದೆ. ಈಗ್ಲೂ ಹಾಗೇ ಮಾಡ್ತಿದೀಯ ನೋಡು.

ಅಲ್ಲಿ ಬಾಗಿಲ ಹತ್ರ ಏನು ನೋಡ್ತಿದೀಯ? ಕಾಲಿಂಗ್ ಬೆಲ್ ನೋಡ್ತಿದೀಯಾ? ಒತ್ತಿದ್ಯಾ ಬರುವಾಗ? ಆಗಲ್ಲ ಅದು. ಕೆಟ್ಟಿದೆ. ಮಕ್ಕಳು ಒತ್ತಿ ಓಡಿಹೋಗ್ತಿದ್ವು, ಒತ್ತಿ ಒತ್ತಿ ಕೆಟ್ಟುಹೋಯ್ತು.

...ನೀನು ನರ್ಸ್ ಕಣೇ, ಎಲೆಕ್ಟ್ರಿಷಿಯನ್ ಅಲ್ಲ. ಮೇಲೆ ನೋಡ್ಬೇಡ. ಹ್ಞೂಂ, ತಂತಿ ಕಿತ್ತಿದೆ. ನಾನೇ ಕಿತ್ತೆ. ಸ್ಟೂಲ್ ಹಾಕ್ಕೊಂಡು ಹತ್ತಿ ಕಿತ್ತುಹಾಕಿದೆ. ನನ್ನ ಮನೆ ಬೆಲ್, ನನ್ನ ತಂತಿ. ಏನೀಗ? ಬೆಲ್ ಆದ್ರೆ ನನ್ನ ಮುಖ ನಗುತ್ತೆ ಪುಟ್ಟಿ. ತಾನಾಗೇ ನಗುತ್ತೆ! ನಾನು ಅಳ್ತಾ ಕೂತಿದ್ರೂ ಸರಿ, ಟ್ರಿಂಗ್ ಅಂದ್ರೆ ಸಾಕು, ಕೆನ್ನೆ ಎರಡೂ ಮೇಲಕ್ಕೆ ಹೋಗ್ಬಿಡುತ್ತೆ. ಎದ್ದು ಓಡ್ತೀನಿ. ಬಾಗಿಲು ತೆಗೆದು ‘ಏನು ಒಳ್ಳೇದು?’ ಅಂತೀನಿ. ನೋಡಿದ್ರೆ ಹಾಲಿನವನು! ಅವನು ಹೆದರಿ ‘ಏನಿಲ್ಲ ಅಕ್ಕ, ಹಾಲು’ ಅಂತಾನೆ. ಅವನು ಹೋದ ಮೇಲೂ ಆ ನಗು ಇಳಿಯೋದೇ ಇಲ್ಲ, ಕೈಯಿಂದ ಒರೆಸ್ಕೋಬೇಕು. ಅದಕ್ಕೇ ಕಿತ್ತೆ.

ಯಾಕೆ ಹಾಗೆ ನೋಡ್ತೀಯ? ಹುಚ್ಚು ಹಿಡಿದಿಲ್ಲ ನನಗೆ.

ಅಭ್ಯಾಸ ಕಣೇ. ಇಷ್ಟು ವರ್ಷದ ಅಭ್ಯಾಸ. ಈ ಮನೇಲಿ ಯಾರೂ ಕೆಟ್ಟ ಮಾತು ಹಿಡ್ಕೊಂಡು ಹೊಸ್ತಿಲು ದಾಟಬಾರದು. ತಂದ್ರೋ, ಹೊರಗೆ ಹೋಗಿ ಮತ್ತೆ ಬರ್ಬೇಕು. ಬೆಲ್ ಒತ್ತಬೇಕು, ನಾನು ಬಾಗಿಲು ತೆಗೆದು ‘ಏನು ಒಳ್ಳೇದು’ ಅನ್ಬೇಕು, ಒಂದು ಒಳ್ಳೇ ಮಾತು ಹೇಳಿ ಒಳಗೆ ಬರ್ಬೇಕು. ತಪ್ಪಾ ಅದು? ಹೇಳು! ಇಡೀ ಬಿಲ್ಡಿಂಗ್‌ನಲ್ಲಿ ನಮ್ಮನೇಲಿ ಮಾತ್ರ ಜಗಳ ಇರ್ಲಿಲ್ಲ. ಗೋಡೆ ಆಚೆ ಪಾತ್ರೆ ಹಾರಾಡ್ತಿದ್ವು, ನಮ್ಮನೇಲಿ ನಗು. ನಿನಗೆ ಸುಮ್ಮನೆ ಸಿಕ್ತು ಅದು, ಅದರ ಬೆಲೆ ಗೊತ್ತಿಲ್ಲ. ನಾನು ಎಂಥ ಮನೇಲಿ ಬೆಳೆದೆ ಗೊತ್ತಾ? ನಮ್ಮಮ್ಮ ನಿಟ್ಟುಸಿರು ಬಿಟ್ಟು ಬಿಟ್ಟೇ ನಮ್ಮನ್ನ ಬೆಳೆಸಿದ್ಲು. ಬೆಳಿಗ್ಗೆ ಏಳೋವಾಗ ಒಂದು, ಒಲೆ ಹಚ್ಚೋವಾಗ ಒಂದು, ನಮ್ಮ ತಲೆ ಬಾಚೋವಾಗ ನಮ್ಮ ನೆತ್ತಿ ಮೇಲೇ ಒಂದು. ಬಿಸಿಯಾಗಿ ತಾಕ್ತಿತ್ತು. ನಾನೇನು ತಪ್ಪು ಮಾಡ್ದೆ ಅಂತ ಯೋಚಿಸ್ತಾ ಸ್ಕೂಲಿಗೆ ಹೋಗ್ತಿದ್ದೆ. ಆಗ್ಲೇ ಅಂದ್ಕೊಂಡೆ, ನನ್ನ ಮನೇಲಿ ನಿಟ್ಟುಸಿರು ಅನ್ನೋದು ಇರ್ಬಾರದು ಅಂತ.

ಆಮೇಲೆ ಸಿಕ್ಕಿದ್ದು ಎಂಥ ಕೆಲಸ! ನೀರಿನ ಆಫೀಸಲ್ಲಿ ದೂರು ಕೌಂಟರು. ದಿನವಿಡೀ ಕಿಟಕಿ ಮುಂದೆ ದೂರು. ನೀರು ಬರಲ್ಲ ಅಂತ ಒಬ್ಬ, ಬಂದ್ರೆ ಮಣ್ಣು ಬರುತ್ತೆ ಅಂತ ಇನ್ನೊಬ್ಬ, ಬಿಲ್ ಮಾತ್ರ ಶುದ್ಧವಾಗಿ ಬರುತ್ತೆ ಅಂತ ಮತ್ತೊಬ್ಬ. ಬೈಸ್ಕೊಂಡು ಬೈಸ್ಕೊಂಡು ಸಂಜೆ ಹೊತ್ತಿಗೆ ಕಿವಿ ಗುಂಯ್ ಅಂತಿತ್ತು. ಒಂದಿನ ಮನೆಗೆ ಬಂದು ಚಪ್ಪಲಿ ಬಿಟ್ಟಿಲ್ಲ, ನಿಮ್ಮಪ್ಪ ‘ಸೊಂಟ ನೋವು ಕಣೇ’ ಅಂದ್ರು, ನೀನು ‘ಅಮ್ಮಾ, ಬ್ಯಾಗ್ ಹರೀತು’ ಅಂತ ರಾಗ ಎಳೆದೆ. ನನಗೆ ಎಲ್ಲಿತ್ತೋ ಸಿಟ್ಟು! ಇಬ್ಬರನ್ನೂ ಹೊರಗೆ ಹಾಕಿ ಬಾಗಿಲು ಹಾಕ್ದೆ. ಏನಾದ್ರೂ ಒಳ್ಳೇದಿದ್ರೆ ಹೇಳಿ, ಆಮೇಲೆ ಒಳಗೆ ಬನ್ನಿ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಟ್ರಿಂಗ್. ತೆಗೆದ್ರೆ ನಿಮ್ಮಪ್ಪ ಮುಖ ಗಂಟಿಕ್ಕಿಕೊಂಡು ಹೇಳ್ತಾರೆ, ‘ಒಳ್ಳೇ ಸುದ್ದಿ. ಹೊರಗೆ ಒಬ್ಬಳು ಹುಡುಗಿ ಪರಿಚಯ ಆದ್ಲು. ನನ್ನ ಮಗಳಂತೆ.’

ನಕ್ಕೆ! ನಕ್ಕೆ ತಾನೇ ಈಗ? ಇಲ್ಲ? ...ನಕ್ಕ ಹಾಗಿತ್ತು.

ಎಷ್ಟು ನಗಿಸ್ತಿದ್ರು ಆ ಮನುಷ್ಯ! ‘ಒಳ್ಳೇ ಸುದ್ದಿ, ಇವತ್ತು ಕರೆಂಟ್ ಶಾಕ್ ಒಂದೇ ಕೈಗೆ ಹೊಡೀತು.’ ‘ಒಳ್ಳೇ ಸುದ್ದಿ, ನಾನು ರಿಪೇರಿ ಮಾಡಿದ ಲಿಫ್ಟ್‌ನಲ್ಲಿ ನಮ್ಮ ಮ್ಯಾನೇಜರೇ ಸಿಕ್ಕಿಹಾಕ್ಕೊಂಡ.’ ಊರಿನವರ ಲಿಫ್ಟೆಲ್ಲ ರಿಪೇರಿ ಮಾಡೋರು ಇವರು, ನಮ್ಮ ಬಿಲ್ಡಿಂಗ್‌ಗೆ ಲಿಫ್ಟೇ ಇಲ್ಲ. ದಿನಾ ಆ ಟೂಲ್ ಬ್ಯಾಗ್ ಹೊತ್ಕೊಂಡು ಹತ್ತಬೇಕು. ಒಂದು ದಿನಾನೂ ಬೇಜಾರು ಮಾಡ್ಕೊಂಡಿದ್ದಿಲ್ಲ. ಅದನ್ನೇ ನಾನು ಎಲ್ಲರಿಗೂ ಹೇಳೋದು, ಮನಸ್ಸು ಗಟ್ಟಿ ಇದ್ರೆ ಮೆಟ್ಟಿಲು ತಾನಾಗೇ ಇಳಿದು ಬರುತ್ತೆ ಅಂತ.

ಮಾಡ್ಕೊಂಡಿರ್ಲಿಲ್ಲ ಕಣೇ! ಬೇಜಾರು ಇದ್ದಿದ್ರೆ ಹೇಳ್ತಿರ್ಲಿಲ್ವಾ?

...ಏನು? ತಲೆ ಯಾಕೆ ಅಲ್ಲಾಡಿಸ್ತೀಯ?

ನಿನ್ನ ಮೊಣಕಾಲು ತರಚಿಹೋಗಿತ್ತಲ್ಲ, ಸ್ಕೂಲಿಂದ ಅಳ್ತಾ ಬಂದಿದ್ದೆ, ನೆನಪಿದ್ಯಾ? ರಕ್ತ ಕಾಲ್ಚೀಲದವರೆಗೂ ಇಳಿದಿತ್ತು. ಹೊರಗೆ ಹೋಗಿ ಮತ್ತೆ ಬಾ ಅಂದೆ. ಹೋದೆ. ಬೆಲ್ ಎಟುಕ್ತಿರ್ಲಿಲ್ಲ ನಿನಗೆ, ಎಗರಿ ಎಗರಿ ಒತ್ತಿದೆ. ಮೂಗು ಒರೆಸ್ಕೊಂಡು ನಿಂತು ‘ಅಮ್ಮಾ, ಒಳ್ಳೇ ಸುದ್ದಿ, ಇನ್ನೊಂದು ಮೊಣಕಾಲು ಚೆನ್ನಾಗಿದೆ’ ಅಂದೆ! ಅಯ್ಯೋ ನನ್ನ ಬಂಗಾರ! ಅದನ್ನ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ? ನಮ್ಮ ಹೆಂಗಸರ ನಗೆಕೂಟದಲ್ಲಿ ಆ ಕಥೆ ಹೇಳಿದಾಗೆಲ್ಲ ಚಪ್ಪಾಳೆ. ಮಕ್ಕಳನ್ನ ಹೀಗೆ ಬೆಳೆಸ್ಬೇಕು ಅಂತಾರೆ.

ಹಾಸ್ಟೆಲ್‌ನಲ್ಲಿ ನಿನಗೆ ಕಾಮಾಲೆ ಆಗಿತ್ತಂತೆ. ಪೂರ್ತಿ ವಾಸಿಯಾದ ಮೇಲೆ ನಿನ್ನ ಸ್ನೇಹಿತೆ ಬಾಯಿ ಬಿಟ್ಲು. ಪ್ರತಿ ಭಾನುವಾರ ಫೋನ್ ಮಾಡ್ದಾಗ್ಲೂ ‘ಚೆನ್ನಾಗಿದೀನಮ್ಮ, ಇಲ್ಲಿ ಹೂವಿನ ಗಿಡ ಹಾಕಿದಾರೆ’ ಅಂತಿದ್ದೆ. ಹಳದಿ ಕಣ್ಣಿಟ್ಟುಕೊಂಡು ಹೂವಿನ ಸುದ್ದಿ! ಅದನ್ನೂ ನಾನು ಹೆಮ್ಮೆಯಿಂದ್ಲೇ ಹೇಳ್ಕೊಂಡೆ. ಈಗ ನೋಡಿದ್ರೆ ನೀನು ಆರಿಸ್ಕೊಂಡಿದ್ದು ಎಂಥ ಕೆಲಸ! ದಿನವಿಡೀ ಮಂಚದಿಂದ ಮಂಚಕ್ಕೆ ಹೋಗಿ ‘ಎಲ್ಲಿ ನೋವು, ಎಲ್ಲಿ ನೋವು’ ಅಂತ ಕೇಳೋದು. ನಿಮ್ಮಪ್ಪ ಒಂದ್ಸಲ ಅಂದ್ರು, ‘ನಮ್ಮನೇಲಿ ಯಾರೂ ಕೇಳದೇ ಇದ್ದಿದ್ದಕ್ಕೇ ಪುಟ್ಟಿ ಊರವರನ್ನೆಲ್ಲ ಕೇಳ್ತಿದಾಳೆ’ ಅಂತ. ತಮಾಷೆಗೆ. ತಮಾಷೆಗೇ ಅಂದಿದ್ದು.

ಮತ್ತೇನೋ ಹೇಳೋರು... ಹಾಂ, ಲಿಫ್ಟಿನ ಮಾತು. ಕಿರ್ ಅನ್ನೋ ಲಿಫ್ಟಿಗೆ ಹೆದರಬಾರದಂತೆ, ಸದ್ದೇ ಇಲ್ಲದೇ ಓಡೋದನ್ನ ಬಿಚ್ಚಿ ನೋಡ್ಬೇಕಂತೆ. ನಾನು ಅಂದೆ, ನಿಮ್ಮ ಲಿಫ್ಟಿನ ಪುರಾಣ ಆಮೇಲೆ, ಊಟ ಮಾಡಿ ಅಂತ.

ಟೀ ಕುಡೀಲಿಲ್ಲ ನೀನು. ಕೆನೆ ಕಟ್ತು.

ಸಂಜೆ ಆಯ್ತು ನೋಡು. ಲೈಟ್ ಹಾಕ್ತೀನಿ ತಾಳು... ಇದೇ ಹೊತ್ತು. ಈ ಹೊತ್ತಿಗೆ ನನಗೆ... ಬೇಡ ಬಿಡು. ಅಲ್ಲ, ಕೇಳು, ನೀನು ನರ್ಸ್ ಅಲ್ವಾ, ಹೇಳು. ಈ ಹೊತ್ತಿಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದ ಹಾಗೆ ಆಗುತ್ತೆ. ದೊಡ್ಡ ಕೆಮ್ಮಲ್ಲ. ಮಾತಾಡೋ ಮುಂಚೆ ಗಂಟಲು ಸರಿ ಮಾಡ್ಕೊಳ್ತಾರಲ್ಲ, ಅಷ್ಟೇ. ನಿಮ್ಮಪ್ಪ ಬೆಲ್ ಒತ್ತೋ ಮುಂಚೆ ಹಾಗೇ ಮಾಡ್ತಿದ್ರು, ಒಳ್ಳೇ ಸುದ್ದಿ ಹೇಳೋಕೆ ತಯಾರಾಗ್ತಿದ್ರು. ಅದನ್ನ ಕೇಳಿದ್ರೆ ನಾನು ಒಳಗಿಂದಾನೇ ನಗೋಕೆ ಶುರು ಮಾಡ್ತಿದ್ದೆ. ಈಗ್ಲೂ ಕೇಳಿಸುತ್ತೆ. ಎದ್ದು ಹೋಗ್ತೀನಿ, ಬಾಗಿಲಿಗೆ ಕಿವಿ ಕೊಡ್ತೀನಿ. ಆಮೇಲೆ ಏನೂ ಇಲ್ಲ. ಅದರ ಮುಂದೆ ಏನೂ ಇಲ್ಲ ಪುಟ್ಟಿ. ಕೆಮ್ಮು, ಆಮೇಲೆ ಸುಮ್ಮನೆ.

ಬಾಗಿಲು ತೆಗೆದು ನೋಡಲ್ವಾ ಅಂತೀಯಾ? ...ನೋಡಲ್ಲ.

ಯಾಕೆ ಅಂದ್ರೆ ನೋಡಲ್ಲ. ಅಷ್ಟೇ!

ಕೋಪ ಮಾಡ್ಕೊಂಡಿಲ್ಲ. ಗಂಟಲು ಒಣಗಿದೆ ಅಷ್ಟೇ, ದನಿ ಹಾಗೆ ಬಂತು. ದಿನಾ ಬೆಳಿಗ್ಗೆ ಮಾತಾಡ್ಬೇಕಲ್ಲ. ಬಿಲ್ಡಿಂಗಿನ ಗ್ರೂಪಿಗೆ ಒಂದು ಒಳ್ಳೇ ಮಾತು ರೆಕಾರ್ಡ್ ಮಾಡಿ ಹಾಕ್ತೀನಿ. ಎಲ್ಲ ಕಾಯ್ತಿರ್ತಾರೆ. ‘ಒಳ್ಳೇಮಾತಮ್ಮ’ ಅಂತ ಹೆಸರಿಟ್ಟಿದಾರೆ ನನಗೆ, ಗೊತ್ತಲ್ಲ. ಒಂದು ದಿನಾನೂ ತಪ್ಪಿಸಿಲ್ಲ. ಹ್ಞೂಂ... ನಿಮ್ಮಪ್ಪ ಹೋದ ಮರುದಿನವೂ. ಯಾರು ಹೇಳಿದ್ರು ನಿನಗೆ? ಹಾಕ್ದೆ. ‘ದುಃಖಾನ ಚಪ್ಪಲಿ ಥರ ಹೊರಗೆ ಬಿಟ್ಟು ಒಳಗೆ ಬನ್ನಿ’ ಅಂತ ಹಾಕ್ದೆ. ಎಲ್ಲ ಕೈ ಮುಗಿದ್ರು. ಎಂಥ ಗಟ್ಟಿ ಹೆಂಗಸು ಅಂದ್ರು. ನೀನೊಬ್ಬಳು ಮಾತ್ರ ಆಗಿಂದ ನನ್ನ ಫೋನ್ ಎತ್ತಲಿಲ್ಲ.

ಅಳ್ತಾ ಕೂತಿದ್ರೆ ನಿನಗೆ ಸಮಾಧಾನ ಆಗ್ತಿತ್ತಾ? ಎದೆ ಬಡ್ಕೊಂಡು ಬೀದೀಲಿ ಉರುಳಾಡಿದ್ರೆ ಆಗ್ತಿತ್ತಾ? ನನಗೆ ಬರಲ್ಲ ಕಣೇ ಅದು! ಕಲಿತಿಲ್ಲ ನಾನು. ನಿಲ್ಲಿಸಿದ್ರೆ... ಒಂದಿನ ಆ ಒಳ್ಳೇ ಮಾತು ನಿಲ್ಲಿಸಿದ್ರೆ, ಇಷ್ಟು ವರ್ಷ ಹೇಳಿದ್ದೆಲ್ಲ ಏನಾಗುತ್ತೆ? ಎಲ್ಲಾ ಸುಳ್ಳು ಅಂತ ಆಗುತ್ತಲ್ಲ?

ಎಲ್ಲಿಗೆ ಎದ್ದೆ? ಬಸ್ಸಿಗೆ ಹೊತ್ತಾಯ್ತಾ? ...ಓ, ಅಲ್ಲಿಗಾ. ಶೂ ಸ್ಟ್ಯಾಂಡ್‌ನಲ್ಲಿ ಏನಿದೆ ನೋಡೋಕೆ? ಎತ್ತಬೇಡ, ಧೂಳಿದೆ. ಅಪ್ಪನ ಕೆಲಸದ ಶೂ ಅದು. ಯಾರಿಗಾದ್ರೂ ಕೊಡೋಣ ಅಂದ್ಕೊಂಡೆ, ಮನಸ್ಸಾಗ್ಲಿಲ್ಲ, ಅಲ್ಲೇ ಬಿಟ್ಟಿದೀನಿ. ಒರೆಸೂ ಇಲ್ಲ. ಅಲ್ಲಿಂದ ತೆಗೆದೂ ಇಲ್ಲ.

ಏನು? ಹಾಗಂದ್ರಾ ಮೇಷ್ಟ್ರು? ‘ಬರಿಗಾಲಲ್ಲಿದ್ರು’ ಅಂತ ಅಂದ್ರಾ? ಅವರಿಗೇನು ಗೊತ್ತು, ಗಾಬರೀಲಿ ನೋಡಿರ್ತಾರೆ. ಕತ್ತಲು ಬೇರೆ, ಮೆಟ್ಟಿಲ ಲೈಟ್ ಆಗ್ಲೇ ಕೆಟ್ಟಿತ್ತು... ಶೂ ಮೆಟ್ಟಿಲ ಮೇಲೆ ಬಿಚ್ಚಿರ್ಬೇಕು. ಕಾಲು ಊದಿರುತ್ತೆ, ಬಿಚ್ಚಿದಾರೆ. ಆಮೇಲೆ ಯಾರೋ ಎತ್ತಿ ತಂದು ಇಲ್ಲಿಟ್ಟಿದಾರೆ. ಎಷ್ಟೊಂದು ಜನ ಬಂದಿದ್ರು ಅವತ್ತು! ಯಾರು ಇಟ್ರು ಅಂತ ನಾನು ನೋಡ್ತಾ ಕೂತಿರ್ತೀನಾ?

ಲೇಸ್ ಯಾಕೆ ಮುಟ್ತೀಯ? ಬಿಡು ಅದನ್ನ. ಪುಟ್ಟಿ, ಬಿಡು ಅಂದೆ! ...ಹೌದು. ಸುತ್ತಿ ಒಳಗೆ ತುರುಕಿಟ್ಟ ಹಾಗೇ ಇದೆ. ಅವರು ಹಾಗೇ ಮಾಡ್ತಿದ್ರು, ನನಗೂ ಗೊತ್ತು. ಬೆಳಿಗ್ಗೆ ಸಿಕ್ಕು ಬೀಳಬಾರದು ಅಂತ ಉಂಡೆ ಮಾಡಿ ಒಳಗಿಡ್ತಿದ್ರು. ಬೇರೆ ಯಾರೂ ಹಾಗೆ ಮಾಡಲ್ಲ ಅಂತೀಯಾ? ಮಾಡ್ತಾರೆ, ಎಷ್ಟೋ ಜನ ಮಾಡ್ತಾರೆ...

ಟವೆಲ್ಲಾ? ಯಾವ ಟವೆಲ್ಲು? ಹೆಗಲ ಮೇಲೆ ಟವೆಲ್ ಇತ್ತು ಅಂತಾನೂ ಹೇಳಿದ್ರಾ? ಒದ್ದೆ ಟವೆಲ್ಲಾ? ಅಬ್ಬಾ, ಆ ಮೇಷ್ಟ್ರಿಗೆ ಎಷ್ಟು ಕಣ್ಣು! ಟೂಲ್ ಬ್ಯಾಗಲ್ಲಿ ಒಂದು ಟವೆಲ್ ಇಟ್ಕೊಂಡಿರ್ತಿದ್ರು, ಗ್ರೀಸ್ ಒರೆಸೋಕೆ. ಬೆವರಿದ್ರು, ಒರೆಸ್ಕೊಂಡ್ರು, ಒದ್ದೆ ಆಯ್ತು. ಇದರಲ್ಲಿ ಏನಿದೆ ಅಂತ ಪೊಲೀಸ್ ಥರ ನಿಂತಿದೀಯ?

ನೋಡ್ಬೇಡ ನನ್ನ ಹಾಗೆ.

ನೋಡ್ಬೇಡ ಅಂದ್ನಲ್ಲ! ಮಾತಾಡು, ಬೈಯಿ, ಕಿರುಚು. ಆ ಕಣ್ಣು ಬಿಟ್ಕೊಂಡು ನಿಂತ್ಕೋಬೇಡ. ನಿಮ್ಮಪ್ಪನದೇ ಕಣ್ಣು ನಿನಗೆ. ಅವರೂ ಹೀಗೇ, ಹೇಳ್ಬೇಕು ಅಂತ ಇರುತ್ತೆ, ಬಾಯಿ ಬಿಡಲ್ಲ, ಒಂದು ಸಲ ನೋಡ್ತಾರೆ, ಆಮೇಲೆ ಎದ್ದು ಹೋಗ್ತಾರೆ... ಹೋಗ್ತಿದ್ರು. ಸಾಕು ನಿಮ್ಮದು ಅಪ್ಪ ಮಗಳದು! ಮನೆ ತುಂಬ ಸೂತಕದ ಮುಖ ಹಾಕ್ಕೊಂಡು ನಿಂತ್ರೆ ನಾನು ಹೇಗೆ ಬದುಕಲಿ ಇದರೊಳಗೆ? ಹೋಗು! ಹೊರಗೆ ಹೋಗಿ ಮತ್ತೆ ಬಾ!

...

ಅಯ್ಯೋ.

ಇಲ್ಲ. ಇಲ್ಲ ಪುಟ್ಟಿ, ಬಾಯಿ ತಪ್ಪಿ ಬಂತು. ಅಭ್ಯಾಸಬಲ ಕಣೇ. ಕೂತ್ಕೋ. ಟೀ ಬಿಸಿ ಮಾಡ್ತೀನಿ, ಬೇರೆ ಮಾಡ್ತೀನಿ... ಏನ್ ಮಾಡ್ತಿದೀಯ? ಬ್ಯಾಗ್ ಈಗ ಇಳಿಸ್ತೀಯಾ? ಹಾಂ, ಅಲ್ಲೇ ಇಡು, ಕುರ್ಚಿ ಮೇಲೇ ಇರ್ಲಿ. ಒಳ್ಳೇದಾಯ್ತು. ಇರ್ತೀಯ ತಾನೇ? ...ಎಲ್ಲಿಗೆ? ಪುಟ್ಟಿ, ಚಪ್ಪಲಿ! ಚಪ್ಪಲಿ ಇಲ್ಲೇ ಇದೆ. ಬರಿಗಾಲಲ್ಲಿ ಎಲ್ಲಿಗೆ ಹೋಗ್ತೀಯ? ಬರಿಗಾಲಲ್ಲಿ ಹೋಗ್ಬೇಡ ಕಣೇ, ಬೇಡ, ಚಪ್ಪಲಿ ಹಾಕ್ಕೊಂಡು ಹೋಗು...

ಬಾಗಿಲು ಯಾಕೆ ಎಳ್ಕೊಂಡೆ?

...ಓಹೋ. ಆಟ ಆಡ್ತಿದೀಯಾ? ಹಳೇ ಆಟ? ಆಡು, ಆಡು! ನಾನೂ ಸಿದ್ಧ. ಸಣ್ಣವಳಾಗಿಬಿಟ್ಟೆ ನೋಡು. ನಾನು ಇಲ್ಲೇ ಬಾಗಿಲ ಹಿಂದೆ ನಿಂತಿದೀನಿ, ಚಿಲಕದ ಮೇಲೆ ಕೈ ಇಟ್ಟುಕೊಂಡು. ಒತ್ತು ಬೆಲ್ಲು... ಅಯ್ಯೋ, ಬೆಲ್ ಇಲ್ವಲ್ಲ. ಬಾಗಿಲು ತಟ್ಟು. ತಟ್ಟು, ತೆಗೀತೀನಿ. ‘ಏನು ಒಳ್ಳೇದು’ ಅಂತೀನಿ, ನೀನು ಏನಾದ್ರೂ ಒಂದು ಹೇಳು. ಏನಾದ್ರೂ ಸರಿ. ಬಸ್ಸಲ್ಲಿ ಕಿಟಕಿ ಪಕ್ಕ ಸೀಟ್ ಸಿಕ್ತು ಅನ್ನು. ಸಾಕು.

ಹೂಂ. ಯೋಚನೆ ಮಾಡ್ತಿದೀಯಾ? ಮಾಡು. ನಿಧಾನಕ್ಕೆ.

...

ಇಷ್ಟು ಹೊತ್ತಾ?

ಪುಟ್ಟಿ? ಅಲ್ಲೇ ಇದೀಯ ತಾನೇ? ಹೆಜ್ಜೆ ಸದ್ದು ಕೇಳಿಸ್ಲಿಲ್ಲ, ಅಂದ್ರೆ ಅಲ್ಲೇ ಇದೀಯ. ಬರಿಗಾಲಲ್ಲಿ ಹೋದ್ರೆ ಸದ್ದೂ ಆಗಲ್ಲ... ಒಂದು ಮಾತು ಆಡು. ಇಲ್ಲ ಅಂದ್ರೆ ಕೆಮ್ಮು. ಇದೀನಿ ಅಂತ ಗೊತ್ತಾದ್ರೆ ಸಾಕು ನನಗೆ. ಬೇಡ, ಕೆಮ್ಮಬೇಡ! ಕೆಮ್ಮಿ ಸುಮ್ಮನಾಗ್ಬೇಡ. ಹಾಗೆ ಮಾಡ್ಬೇಡ ಕಣೇ ನೀನು. ಅವರು ಹಾಗೇ ಮಾಡಿದ್ರು. ಕೆಮ್ಮಿದ್ರು, ನನಗೆ ಕೇಳಿಸ್ತು. ಈ ಬಾಗಿಲ ಹಲಗೆ ಆಚೆ, ಇಷ್ಟು ಹತ್ರ. ನಾನು ಇಲ್ಲೇ ನಿಂತಿದ್ದೆ. ಹೀಗೇ ಚಿಲಕ ಹಿಡ್ಕೊಂಡು. ಏನು ತಮಾಷೆ ಹೇಳ್ತಾರೋ ಇವತ್ತು ಅಂತ... ನಗ್ತಾ ನಿಂತಿದ್ದೆ ಕಣೇ! ನಗ್ತಾ ಕಾಯ್ತಿದ್ದೆ! ಬೆಲ್ ಆಗ್ಲಿಲ್ಲ. ಬಿಗುಮಾನ ಮಾಡ್ತಿದಾರೆ, ಮಾಡ್ಲಿ, ನಾನ್ಯಾಕೆ ಮೊದ್ಲು ತೆಗೀಲಿ ಅಂತ ನಿಂತೇ ಇದ್ದೆ. ಆಮೇಲೆ ಮೇಷ್ಟ್ರು ಕೂಗಿದ್ರು. ಅಮ್ಮಾ ಬಾಗಿಲು ತೆಗೀರಿ, ಬಾಗಿಲು ತೆಗೀರಿ ಅಂತ. ನಾನು ನಗು ಮುಖದಲ್ಲೇ ಬಾಗಿಲು ತೆಗೆದೆ.

ಪುಟ್ಟಿ, ಕೇಳಿಸ್ತಿದ್ಯಾ?

ನೀನು ಕೇಳಿದ್ಯಲ್ಲ, ಅಪ್ಪ ಕೊನೆಗೆ ಏನಂದ್ರು ಅಂತ... ಅಂದಿದ್ರು. ಒಳಗೆ ಬಂದು ಶೂ ಬಿಚ್ಚಿದ್ರು, ಮುಖ ತೊಳ್ಕೊಂಡ್ರು, ಆ ಕುರ್ಚೀಲಿ ಕೂತ್ರು, ನಿನ್ನ ಬ್ಯಾಗ್ ಇದೆಯಲ್ಲ, ಅದೇ ಕುರ್ಚಿ. ‘ಎದೆ ಹಿಡ್ಕೊಂಡ ಹಾಗೆ ಆಗ್ತಿದೆ ಕಣೇ’ ಅಂದ್ರು. ನಾನು ತಿರುಗಿ ನೋಡ್ಲೂ ಇಲ್ಲ, ಒಗ್ಗರಣೆ ಸೀದುಹೋಗ್ತಿತ್ತು. ಹೊರಗೆ ಹೋಗಿ ಮತ್ತೆ ಬನ್ನಿ ಅಂದೆ. ‘ಆಯ್ತು’ ಅಂದು, ಗೋಡೆ ಹಿಡ್ಕೊಂಡು ಎದ್ದು ಹೋದ್ರು. ಗೋಡೆ ಹಿಡ್ಕೊಂಡಿದ್ದು ನೋಡಿದೆ ನಾನು. ಅದೂ ಆಟ ಅಂದ್ಕೊಂಡೆ.

ಇಷ್ಟೇ. ಇನ್ನೇನೂ ಇಲ್ಲ. ಈಗ ಬಾ ಒಳಗೆ.

ಕೆಟ್ಟದ್ದೇ ಹೇಳು. ನಿನಗೆ ಎಲ್ಲೆಲ್ಲಿ ನೋಯುತ್ತೋ ಎಲ್ಲಾ ಹೇಳು, ಆ ಮೊಣಕಾಲಿಂದ ಶುರು ಮಾಡಿ ಹೇಳು, ಕೂತು ಕೇಳ್ತೀನಿ. ನನ್ನನ್ನೇ ಬೈಯಿ. ಬಾಗಿಲು ತಟ್ಟೋದೂ ಬೇಡ, ಏನೂ ಬೇಡ.

...

ಸರಿ. ಬರ್ಬೇಡ ನೀನು. ಅಲ್ಲೇ ಇರು. ನಾನೇ ತೆಗೀತೀನಿ. ಈ ಸಲ ನಾನೇ ಮೊದ್ಲು ತೆಗೀತೀನಿ... ಚಿಲಕ ಸರೀತಿಲ್ಲ, ಒಂದು ನಿಮಿಷ ಇರು ಪುಟ್ಟಿ, ಕೂತ್ಕೋಬೇಡ, ನಿಂತ್ಕೊಂಡೇ ಇರು.